ದುಡಿಯುವ ಮನೆಯ ಹೆಣ್ಣುಮಗು ಮತ್ತು ಗ್ರಾಮ ಪಂಚಾಯತಿ

(ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಒಂದು ಬಡ ಕುಟುಂಬದಲ್ಲಿ ಹೆಣ್ಣುಮಕ್ಕಳೇ ಹುಟ್ಟಿದರು, ಗಂಡುಸಂತಾನವಾಗಲಿಲ್ಲ. ಮುಪ್ಪಿನ ಕಾಲಕ್ಕೆ ತಂದೆತಾಯಿಯನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆಗೆ ಸುತ್ತಲಿನ ಸಮಾಜವು ಒಂದು ಸಿದ್ಧ ಉತ್ತರವನ್ನು ಇಟ್ಟುಕೊಂಡಿತ್ತು. ಒಬ್ಬ ಮಗಳಿಗೆ ಮುತ್ತು ಕಟ್ಟಿಸಿ ಯಲ್ಲಮ್ಮನ ಹೆಸರಿನಲ್ಲಿ ಬಿಟ್ಟರೆ ಅವಳು ಮದುವೆಯಾಗಿ ಬೇರೆ ಮನೆ ಸೇರುವುದಿಲ್ಲ. ತವರಿನಲ್ಲಿಯೇ ಉಳಿದು ಮಗನ ಸ್ಥಾನದಲ್ಲಿ ನಿಂತು ದುಡಿದು ಹಾಕುತ್ತಾಳೆ. ಹೀಗೆ ಏಳು ವರ್ಷದ ಹುಡುಗಿಯ ಕೊರಳಿಗೆ ಮುತ್ತು ಬಿದ್ದಿತು. ಆ ಹುಡುಗಿಯೇ 2018ರಲ್ಲಿ ಸಮಾಜಸೇವೆಗಾಗಿ ಪದ್ಮಶ್ರೀ ಪ್ರಶಸ್ತಿ ಪಡೆದ ಶ್ರೀಮತಿ ಸೀತವ್ವ ಜೋಡಟ್ಟಿ.

ಈ ಕಥೆಯನ್ನು ಪ್ರಶಸ್ತಿಯ ಕಡೆಯಿಂದ ಹೇಳುವುದು ವಾಡಿಕೆ. ಗ್ರಾಮ ಪಂಚಾಯತಿ ಸದಸ್ಯರು ಅದನ್ನು ಏಳನೆಯ ವರ್ಷದ ಕಡೆಯಿಂದ ಓದುವುದು ಹೆಚ್ಚು ಉಪಯುಕ್ತ. ಆ ಮಗುವಿಗೆ ಮುತ್ತು ಕಟ್ಟಿದ ದಿನ ಕಾನೂನು ಇರಲಿಲ್ಲವೇ? ಇತ್ತು. ಈ ಭಾಗವು ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗಾಗಿ ಕಾಯಿದೆಯಾಗಿತ್ತು. ಅನಂತರ 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಬಂದಿತು. ಆದರೂ 1993-94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ಹಾಗೂ 2007-08ರ ಸಮೀಕ್ಷೆಯಲ್ಲಿ ಮತ್ತೆ 23,787 ಮಹಿಳೆಯರು ಗುರುತಿಸಲ್ಪಟ್ಟರು. ಇವರಲ್ಲಿ ಪ್ರತಿಯೊಬ್ಬರೂ ಒಂದು ಕಾಲಕ್ಕೆ ಯಾವುದೋ ಗ್ರಾಮದ, ಯಾವುದೋ ವಾರ್ಡಿನ ಹುಡುಗಿಯರಾಗಿದ್ದರು. ನೆರೆಹೊರೆಯವರಿಗೆ ತಿಳಿಯದೆ ಮುತ್ತು ಕಟ್ಟುವುದು ಸಾಧ್ಯವಿರಲಿಲ್ಲ. ಬಂಧುಬಳಗಕ್ಕೆ ಊಟ ಹಾಕಿಸಿದ್ದೂ ಉಂಟು.

1997ರಲ್ಲಿ ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ 'ಮಾಸ್', ರೂಪುಗೊಂಡಿತು. ಮೈರಾಡ ಸಂಸ್ಥೆಯ ಬೆಂಬಲದಿಂದ ಬೆಳೆದ ಈ ಸಂಘವನ್ನು ಮಾಜಿ ದೇವದಾಸಿಯರೇ ಕಟ್ಟಿ ನಡೆಸಿದರು ಎಂಬುದೇ ಅದರ ವೈಶಿಷ್ಟ್ಯ. ಹೊರಗಿನ ಅಧಿಕಾರಿಯೊಬ್ಬರು ಬಂದು ಉಪದೇಶ ಮಾಡಿದರೆ ಮನೆಯವರು ತಲೆಯಾಡಿಸಿ ಕಳುಹಿಸಬಹುದು. ಅದೇ ನೋವನ್ನು ಉಂಡ ಹೆಂಗಸು ಕಟ್ಟೆಯ ಮೇಲೆ ಕುಳಿತು ಕೇಳಿದಾಗ ತಲೆಯಾಡಿಸಿ ತಪ್ಪಿಸಿಕೊಳ್ಳುವುದು ಕಷ್ಟ. ಯಾವ ಮನೆಯಲ್ಲಿ ಮಗುವಿಗೆ ಕಾಯಿಲೆಯಾಗಿದೆ, ಯಾರ ತಲೆಯಲ್ಲಿ ಜಡೆ ಗಂಟಾಗಿದೆ, ಯಾರು ಹುಣ್ಣಿಮೆಗೆ ಗುಡ್ಡಕ್ಕೆ ಹೊರಟಿದ್ದಾರೆ ಎಂಬ ಸುದ್ದಿ ಅವರಿಗೆ ಮೊದಲೇ ಮುಟ್ಟುತ್ತಿತ್ತು. ಅಂದರೆ ಕಾಯಿದೆಯ ಪುಸ್ತಕಕ್ಕೂ ಮನೆಯ ಹೊಸ್ತಿಲಿಗೂ ನಡುವೆ ಇದ್ದ ಅಂತರವನ್ನು ತುಂಬಿದ್ದು ಹೆಸರು ಹಿಡಿದು ಬಲ್ಲ ಮಾಹಿತಿ. ಇಂತಹ ಮಾಹಿತಿ ತಾಲ್ಲೂಕು ಕಚೇರಿಯಲ್ಲಿ ಸಿಗದು. ವಾರ್ಡಿನ ಸದಸ್ಯರಲ್ಲಿ ಅದು ಇದ್ದೇ ಇರುತ್ತದೆ.

ಇಂದು ಮುತ್ತು ಕಟ್ಟುವ ಪದ್ಧತಿ ಬಹಳ ಮಟ್ಟಿಗೆ ಹಿಂದೆ ಸರಿದಿದೆ. ಆದರೆ ಅದರ ಹಿಂದಿದ್ದ ಲೆಕ್ಕಾಚಾರವು ಹೋಗಿಲ್ಲ. ಕೈಗೆ ಕೆಲಸ ಸಿಕ್ಕರೆ ಮಾತ್ರ ಊಟ ಎಂಬ ಮನೆಯಲ್ಲಿ ಯಾವುದೇ ಕಷ್ಟ ಬಂದರೂ ಮೊದಲು ಕಡಿತವಾಗುವುದು ಹೆಣ್ಣುಮಗಳ ಪಾಲು. ಇದಕ್ಕೆ ತಂದೆತಾಯಿಯ ನಿರ್ದಯವೇ ಕಾರಣವೆನ್ನುವುದು ಸುಲಭ, ಆದರೆ ಸರಿಯಲ್ಲ. ಮಗನ ಓದಿನ ಫಲ ಮನೆಯಲ್ಲಿ ಉಳಿಯುತ್ತದೆ, ಮಗಳ ಓದಿನ ಫಲ ಬೀಗರ ಮನೆಗೆ ಹೋಗುತ್ತದೆ ಎಂಬುದು ಅವರ ಎಣಿಕೆ. ಎಣಿಕೆ ತಪ್ಪಾಗಿರಬಹುದು, ಅದನ್ನು ಮಾಡುವವರು ಮಾತ್ರ ಮಗಳನ್ನು ಪ್ರೀತಿಸದವರಲ್ಲ. ಆದ್ದರಿಂದ ಗದರಿಸುವುದರಿಂದ ಏನೂ ಆಗದು. ಲೆಕ್ಕದೊಳಗಿನ ಅಂಕಿಗಳನ್ನೇ ಬದಲಿಸಬೇಕು.

ಅಂಕಿಗಳು ಎಲ್ಲಿ ಬದಲಾಗಬಲ್ಲವು ಎಂಬುದನ್ನು ತಿಳಿಯಲು ಕೂಲಿಕಾರರ ಮನೆಯ ಹುಡುಗಿಯ ಒಂದು ವರ್ಷವನ್ನು ನೋಡಬೇಕು. ಶಾಲೆಯ ವರ್ಷ ಜೂನ್‌ನಲ್ಲಿ ಆರಂಭವಾಗುತ್ತದೆ. ಕಬ್ಬಿನ ವರ್ಷ ಅಕ್ಟೋಬರ್-ನವೆಂಬರಿನಲ್ಲಿ ಕಾರ್ಖಾನೆಗಳು ನುರಿಸಲಾರಂಭಿಸಿದಾಗ ಶುರುವಾಗಿ ಫೆಬ್ರುವರಿ-ಮಾರ್ಚಿನವರೆಗೆ ನಡೆಯುತ್ತದೆ. ಹಿಡಕಲ್ ಜಲಾಶಯದ ನೀರು ಕಾಲುವೆಗಳಿಗೆ ಹರಿದ ಮೇಲೆ ಮೂರೂ ತಾಲ್ಲೂಕುಗಳ ಬದುಕು ಈ ಎರಡನೆಯ ಪಂಚಾಂಗಕ್ಕೆ ಹೊಂದಿಕೊಂಡಿದೆ. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಿರಲಿ, ಘಟಪ್ರಭಾ ಸಹಕಾರಿ ಕಾರ್ಖಾನೆಯಿರಲಿ, ಅವುಗಳ ಹಂಗಾಮು ಮತ್ತು ಮಕ್ಕಳ ಓದಿನ ಮುಖ್ಯ ತಿಂಗಳುಗಳು ಒಂದೇ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಕಟಾವು ಭರದಿಂದ ಸಾಗಿರುತ್ತದೆ.

ಹಂಗಾಮಿನಲ್ಲಿ ತಾಯಿ ನಸುಕಿನಲ್ಲಿಯೇ ರೊಟ್ಟಿ ಬಡಿದು ಗ್ಯಾಂಗಿನೊಂದಿಗೆ ಹೊರಡುತ್ತಾಳೆ. ಗಂಡ ಕಬ್ಬು ಕಡಿಯುತ್ತಾ ಹೋದರೆ ಅವಳು ರವದಿ ಸವರಿ, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ತುಂಬುತ್ತಾಳೆ. ಮನೆಯಲ್ಲಿ ಒಂದೂವರೆ ವರ್ಷದ ಕೂಸು ಇದೆ. ಅದನ್ನು ಯಾರು ನೋಡಬೇಕು? ಅಜ್ಜಿ ಇದ್ದರೆ ಅಜ್ಜಿ. ಇಲ್ಲದಿದ್ದರೆ ಐದನೆಯ ತರಗತಿಯ ಅಕ್ಕ. ಮೊದಲ ವಾರ ಎರಡು ದಿನ ಗೈರು, ಎರಡನೆಯ ವಾರ ನಾಲ್ಕು ದಿನ. ಜನವರಿಯಲ್ಲಿ ಶಾಲೆಗೆ ಮರಳಿದಾಗ ಗಣಿತದಲ್ಲಿ ಭಿನ್ನರಾಶಿ ಮುಗಿದಿರುತ್ತದೆ. ಅರ್ಥವಾಗದ ತರಗತಿಯಲ್ಲಿ ಕೂರುವುದು ದೊಡ್ಡವರಿಗೂ ಕಷ್ಟ. ಏಳನೆಯ ತರಗತಿ ಮುಗಿಯುವ ಹೊತ್ತಿಗೆ ಅವಳೇ 'ನಾನು ಸಾಲಿಗೆ ಹೋಗೂದಿಲ್ಲ' ಎನ್ನುತ್ತಾಳೆ, ಮನೆಯವರು 'ಅಕಿಗೇ ಮನಸ್ಸಿಲ್ಲ' ಎನ್ನುತ್ತಾರೆ. ಶಾಲೆ ಬಿಟ್ಟ ಕಾರಣದ ಅಂಕಣದಲ್ಲಿ 'ನಿರಾಸಕ್ತಿ' ಎಂದು ದಾಖಲಾಗುತ್ತದೆ. ಅದು ಸುಳ್ಳಲ್ಲ, ಆದರೆ ಆ ನಿರಾಸಕ್ತಿ ಹುಟ್ಟಿದ್ದು ಎರಡು ವರ್ಷ ಹಿಂದೆ, ತೊಟ್ಟಿಲ ಪಕ್ಕದಲ್ಲಿ.

ಇಲ್ಲಿ ಕೂಸಿನ ಮನೆಯ ವಿಚಾರ ಬರುತ್ತದೆ. 2023-24ನೇ ಸಾಲಿನಲ್ಲಿ ರಾಜ್ಯವು ಗ್ರಾಮ ಪಂಚಾಯತಿಗಳಲ್ಲಿ 4,000 ಶಿಶುಪಾಲನಾ ಕೇಂದ್ರಗಳನ್ನು ಗುರಿಯಾಗಿಟ್ಟುಕೊಂಡು ಈ ಯೋಜನೆಯನ್ನು ಕೈಗೊಂಡಿತು. ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಹಾಗೂ ಇತರ ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಇವು ಇವೆ. ಯೋಜನೆಯ ಕಡತದಲ್ಲಿ ಫಲಾನುಭವಿಗಳು ಇಬ್ಬರು: ತಾಯಿ ಮತ್ತು ಕೂಸು. ಕಡತದಲ್ಲಿ ಕಾಣದ ಮೂರನೆಯ ಫಲಾನುಭವಿ ಹತ್ತು ವರ್ಷದ ಅಕ್ಕ. ಕೂಸಿನ ಮನೆ ಬೆಳಿಗ್ಗೆ ತೆರೆದ ದಿನ ಅವಳು ಶಾಲೆಯಲ್ಲಿರುತ್ತಾಳೆ. ಬೀಗ ಹಾಕಿದ ದಿನ ಮನೆಯಲ್ಲಿರುತ್ತಾಳೆ. ಗೋಡೆಗೆ ಬಣ್ಣ ಹಚ್ಚಿ, ಆಟಿಕೆ ತಂದು ಉದ್ಘಾಟನೆ ಮಾಡಿದ ಅನಂತರ ಅದರ ಹಾಜರಿಯನ್ನು ಸದಸ್ಯರು ಕೇಳಬೇಕಾದದ್ದು ಈ ಕಾರಣಕ್ಕಾಗಿ. ಕಟಾವಿನ ತಿಂಗಳುಗಳಲ್ಲಿ ತಾಯಂದಿರು ಹೊರಡುವ ವೇಳೆಗೂ ಕೇಂದ್ರ ತೆರೆಯುವ ವೇಳೆಗೂ ಎರಡು ತಾಸಿನ ಅಂತರವಿದ್ದರೆ ಆ ಎರಡು ತಾಸನ್ನು ತುಂಬುವವಳೂ ಅಕ್ಕನೇ. ಆರೈಕೆದಾರರ ಪಾಳಿಯನ್ನು ಹಂಗಾಮಿಗೆ ತಕ್ಕಂತೆ ಹೊಂದಿಸಲು ಪ್ರಯತ್ನಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ.

ಉದ್ಯೋಗ ಖಾತ್ರಿಯ ಕೂಲಿಯ ಬಗ್ಗೆಯೂ ಒಂದು ಮಾತು. 2024-25ರಲ್ಲಿ ರಾಜ್ಯದಲ್ಲಿ ದಿನಗೂಲಿ 349 ರೂ. ಇದ್ದಿತು, ಗಂಡಿಗೂ ಹೆಣ್ಣಿಗೂ ಸಮಾನ; ಹಣ ಸಂದಾಯವಾಗುವುದು ಬ್ಯಾಂಕ್ ಖಾತೆಗೆ. ಕಬ್ಬಿನ ಗ್ಯಾಂಗಿನಲ್ಲಿ ಹಾಗಿಲ್ಲ. ಗಡಿಯಾಚೆಯ ಬೀಡ್ ಜಿಲ್ಲೆಯ ಗ್ಯಾಂಗುಗಳಲ್ಲಿ ಗಂಡಹೆಂಡತಿ ಸೇರಿದರೆ ಒಂದು 'ಕೊಯ್ತಾ'. ಮುಕಾದಮನು ಮುಂಗಡ ಕೊಡುವುದು ಆ ಜೋಡಿಗೆ. ಹಣ ಬೀಳುವುದು ಗಂಡಸಿನ ಕೈಗೆ. ಜೋಡಿ ಇಲ್ಲದ ತರುಣನಿಗೆ ಮುಂಗಡ ಕಡಿಮೆ ಎಂಬ ಕಾರಣದಿಂದ ಹಂಗಾಮಿಗೆ ಮುನ್ನ ಹುಡುಗಿಯರ ಮದುವೆಯನ್ನು ಮುಗಿಸುವ ರೂಢಿ ಅಲ್ಲಿ ಬೆಳೆದುದು ಸುಪ್ರಸಿದ್ಧ. ಕಬ್ಬು ಕಡಿಯಲು ಒಂದು ಜೋಡಿ ಕೈ ಬೇಕೆಂದು ಹದಿನೈದರ ಹುಡುಗಿಗೆ ತಾಳಿ! ಗಡಿಯ ಈಚೆಗೆ ಆ ರೂಢಿ ಅಷ್ಟಾಗಿ ಇಲ್ಲವೆಂದು ಸಮಾಧಾನಪಟ್ಟುಕೊಳ್ಳುವವರು, ತಮ್ಮ ಗ್ರಾಮದ ಹೊರವಲಯದಲ್ಲಿ ಪ್ರತಿ ವರ್ಷ ಗುಡಿಸಲು ಹಾಕುವ ಗ್ಯಾಂಗುಗಳಲ್ಲಿ ಎಷ್ಟು ಬಾಲೆಯರಿದ್ದಾರೆಂದು ಒಮ್ಮೆ ನೋಡಿ ಬರಬಹುದು.

ಅವರು ಬೇರೆ ಊರಿನವರು, ಬೇರೆ ರಾಜ್ಯದವರು, ಮತದಾರರ ಪಟ್ಟಿಯಲ್ಲಿ ಇಲ್ಲದವರು ಎಂಬ ಉತ್ತರ ಕೇಳಿಬರುತ್ತದೆ. ಕಾನೂನು ಈ ಉತ್ತರವನ್ನು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 9ನೇ ಕಲಮು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಹೇಳುವಾಗ, ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಾತ್ರಿಪಡಿಸುವುದನ್ನು ಪ್ರತ್ಯೇಕವಾಗಿ ಸೇರಿಸಿದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದೊಳಗಿನ ಮಕ್ಕಳ ದಾಖಲೆ ಇಡುವುದೂ ಅದೇ ಕಲಮಿನಲ್ಲಿದೆ. ಸ್ಥಳೀಯ ಪ್ರಾಧಿಕಾರವೆಂದರೆ ಗ್ರಾಮೀಣ ಪ್ರದೇಶದಲ್ಲಿ ಪಂಚಾಯತಿಯೂ ಹೌದು. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಮಗು ಮರಾಠಿ ಮಾತನಾಡಿದರೆ ತೊಡಕು ನಿಜ. ಆದರೆ ಈ ಭಾಗದಲ್ಲಿ ಎರಡೂ ಭಾಷೆ ಬಲ್ಲವರಿಗೆ ಕೊರತೆಯಿಲ್ಲ.

ಮದುವೆಯ ವಿಷಯಕ್ಕೆ ಮರಳಿದರೆ, ಸದಸ್ಯರು ಕಾನೂನಿನ ಎರಡು ಅಂಶಗಳನ್ನು ಖಚಿತವಾಗಿ ತಿಳಿದಿರಬೇಕು. ರಾಜ್ಯವು 2016ರಲ್ಲಿ ಮಾಡಿಕೊಂಡ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ನಡೆಯುವ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು. 'ಆದದ್ದು ಆಯಿತು, ಈಗ ಬಿಡಿಸಿದರೆ ಹುಡುಗಿಯ ಬಾಳು ಹಾಳು' ಎಂಬ ಪಂಚರ ವಾದಕ್ಕೆ ಇದರಿಂದ ಆಧಾರವೇ ಉಳಿದಿಲ್ಲ. ಎರಡನೆಯದು ಹೆಚ್ಚು ಮುಜುಗರದ್ದು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ 11ನೇ ಕಲಮಿನ ವ್ಯಾಪ್ತಿಗೆ ಮದುವೆ ಮಾಡಿಸಿದವರಷ್ಟೇ ಅಲ್ಲ, ಅದರಲ್ಲಿ ಪಾಲ್ಗೊಂಡವರೂ ಬರುತ್ತಾರೆ. ಶಿಕ್ಷೆ ಎರಡು ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂ. ವರೆಗೆ ದಂಡ. ಗ್ರಾಮದ ಯಾವ ಮದುವೆಗೆ ಸದಸ್ಯರಿಗೆ ಆಮಂತ್ರಣ ಬರುವುದಿಲ್ಲ? ಲಗ್ನಪತ್ರಿಕೆಯಲ್ಲಿ ಹೆಸರು ಅಚ್ಚಾಗಿರುತ್ತದೆ, ಅಕ್ಷತೆಗೆ ಮುಂಚೆ ಶಾಲು ಹೊದಿಸಲಾಗುತ್ತದೆ. ಆ ಶಾಲನ್ನು ಹೊದೆದವರು ಹುಡುಗಿಯ ವಯಸ್ಸು ಕೇಳಿರಲಿಲ್ಲವೆಂದರೆ ಯಾರೂ ನಂಬಲಾರರು.

ಹಾಗೆಂದು ಮದುವೆಯ ದಿನ ಪೊಲೀಸರನ್ನು ಕರೆದುಕೊಂಡು ಹಂದರಕ್ಕೆ ಹೋಗುವುದು ಕೊನೆಯ ಉಪಾಯ. ಅಷ್ಟು ಹೊತ್ತಿಗೆ ಸಾಲ ಆಗಿರುತ್ತದೆ, ಅಡುಗೆ ಆಗಿರುತ್ತದೆ, ಮಾನದ ಪ್ರಶ್ನೆ ಎದ್ದಿರುತ್ತದೆ. ತಡೆದ ಮದುವೆ ತಿಂಗಳು ಕಳೆಯುವುದರೊಳಗೆ ಬೇರೆ ಊರಿನ ಗುಡಿಯಲ್ಲಿ ನಡೆದುಹೋಗುವ ಅಪಾಯವೂ ಉಂಟು. ಹೆಣ್ಣು ನೋಡುವ ಹಂತದಲ್ಲಿಯೇ ಮಾತಾಡಿದರೆ ಮನೆಯವರಿಗೆ ಹಿಂದೆ ಸರಿಯಲು ಮರ್ಯಾದೆಯ ದಾರಿ ಉಳಿದಿರುತ್ತದೆ. ಭಾಗ್ಯಲಕ್ಷ್ಮಿ ಬಾಂಡ್ ಇರುವ ಮನೆಯಾದರೆ, ಹದಿನೆಂಟು ತುಂಬುವ ಮುನ್ನ ಮದುವೆಯಾದರೆ ಅದರ ಹಣ ಸಿಗದು ಎಂಬುದನ್ನು ನೆನಪಿಸಿದರೂ ಸಾಕಾಗಬಹುದು. ಅನೇಕರು ಆ ಕಾಗದವನ್ನು ಟ್ರಂಕಿನಲ್ಲಿಟ್ಟು ಷರತ್ತನ್ನು ಮರೆತಿರುತ್ತಾರೆ. ಟ್ರಂಕೇ ಹೋದವರೂ ಇದ್ದಾರೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದೊಳಗೇ ನೀರು ನಿಂತಾಗ, ನದಿದಂಡೆಯ ಮನೆಗಳಲ್ಲಿ ಗೋಡೆಯ ಜೊತೆಗೆ ಜನನ ಪ್ರಮಾಣಪತ್ರ, ವರ್ಗಾವಣೆ ಪತ್ರ, ಅಂಕಪಟ್ಟಿಗಳೂ ಹೋದವು. ಬಿದ್ದ ಮನೆಗೆ ಪರಿಹಾರದ ಅರ್ಜಿ ಕೊಟ್ಟವರು ಬಹಳ. ಮಗಳ ಕಾಗದಗಳ ನಕಲಿಗೆ ಅರ್ಜಿ ಕೊಟ್ಟವರನ್ನು ಎಣಿಸಿದರೆ ಬೇರೆಯೇ ಚಿತ್ರ ಸಿಗುತ್ತದೆ.

ಕಾಗದದ ಮಾತು ಬಂದಾಗ ದೇವದಾಸಿ ತಾಯಂದಿರ ಮಕ್ಕಳನ್ನು ಮರೆಯುವಂತಿಲ್ಲ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಖಾಲಿ ಜಾಗವು ಆ ಮಕ್ಕಳನ್ನು ತರಗತಿಯ ಎಲ್ಲರ ಮುಂದೆ ಪ್ರತಿ ವರ್ಷ ಗುರುತು ಮಾಡುತ್ತಾ ಬಂದಿದೆ. 2025ರಲ್ಲಿ ರಾಜ್ಯ ವಿಧಾನಮಂಡಲವು ಅಂಗೀಕರಿಸಿದ ಹೊಸ ಕಾನೂನು ಈ ಮಕ್ಕಳು ತಂದೆಯ ಹೆಸರು ತೋರಿಸಲೇಬೇಕೆಂಬ ಒತ್ತಾಯವನ್ನು ತೆಗೆದುಹಾಕುವತ್ತ ಸಾಗಿದೆ. ಆದರೂ ಕೌಂಟರಿನ ಹಿಂದೆ ಕುಳಿತವರು 'ಅಪ್ಪನ ಹೆಸರೇನು?' ಎಂದು ಗಟ್ಟಿಯಾಗಿ ಕೇಳುವುದನ್ನು ಯಾವ ಕಾಯಿದೆಯೂ ತಾನಾಗಿ ನಿಲ್ಲಿಸಲಾರದು. ಪಂಚಾಯತಿ ಕಚೇರಿಯ ಕೌಂಟರೂ ಇದಕ್ಕೆ ಹೊರತಲ್ಲ.

ಇಷ್ಟೂ ಹುಟ್ಟಿದ ಹುಡುಗಿಯ ವಿಚಾರ. 2022ರ ಜೂನ್‌ನಲ್ಲಿ ಮೂಡಲಗಿ ಪಟ್ಟಣದಲ್ಲಿ ಡಬ್ಬಿಗಳಲ್ಲಿ ತುಂಬಿ ಎಸೆದ ಏಳು ಭ್ರೂಣಗಳು ಪತ್ತೆಯಾದುದನ್ನು ಇಲ್ಲಿ ಕುಳಿತವರು ಮರೆತಿರಲಾರರು. ಲಿಂಗಪತ್ತೆ ಮಾಡಿ ನಡೆಸಿದ ಗರ್ಭಪಾತದ ಸಂದೇಹವನ್ನು ಆರೋಗ್ಯಾಧಿಕಾರಿಗಳೇ ಅಂದು ವ್ಯಕ್ತಪಡಿಸಿದ್ದರು. ಲಿಂಗಪತ್ತೆಯನ್ನು ನಿಷೇಧಿಸಿದ ಕಾಯಿದೆ 1994ರದು. ಕೂಲಿ ಮನೆಗಿಂತ ಅನುಕೂಲಸ್ಥರ ಮನೆಗಳಲ್ಲಿಯೇ ಈ ಪಿಡುಗು ಹೆಚ್ಚೆಂಬ ಮಾತಿದೆ, ಇರಬಹುದು. ಆದರೆ ಅನುಕೂಲಸ್ಥರು ಮಾಡಿದ್ದನ್ನು ಸಾಲ ಮಾಡಿಯಾದರೂ ಅನುಸರಿಸುವುದು ಹಳ್ಳಿಯ ಹಳೆಯ ಚಾಳಿ. ಗರ್ಭಿಣಿಯರ ನೋಂದಣಿಯು ಆಶಾ ಕಾರ್ಯಕರ್ತೆಯ ಬಳಿ ಇರುತ್ತದೆ. ನೋಂದಾಯಿಸಿದ ಗರ್ಭ ನಾಲ್ಕನೆಯ ಐದನೆಯ ತಿಂಗಳಲ್ಲಿ ಏನಾಯಿತೆಂದು ಆರೋಗ್ಯ ಸಮಿತಿಯ ಸಭೆಯಲ್ಲಿ ಕೇಳುವ ಅಧಿಕಾರ ಸದಸ್ಯರಿಗಿದೆ. ಆ ಪ್ರಶ್ನೆಯನ್ನು ತಾಯಿಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸದಂತೆ ಕೇಳಬೇಕು. ನಿರ್ಧಾರ ಬಹುತೇಕ ಅವಳದಾಗಿರುವುದಿಲ್ಲ.

ಇನ್ನು ದಾರಿ ಮತ್ತು ಬೆಳಕು. ಜಲಪಾತದ ನೀರಿನಿಂದ 19ನೇ ಶತಮಾನದಲ್ಲಿಯೇ ವಿದ್ಯುತ್ ತೆಗೆದು ಗಿರಣಿಗೆ ಬಳಸಿದ ಗೋಕಾಕ ಫಾಲ್ಸ್ ಇರುವುದು ಈ ನೆಲದಲ್ಲಿ. 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ನಡೆಸಿಕೊಂಡು ಬಂದಿರುವ ತಾಲ್ಲೂಕು ಹುಕ್ಕೇರಿ. ಹೀಗಿದ್ದೂ ತೋಟಪಟ್ಟಿಯ ವಸತಿಯಿಂದ ಪ್ರೌಢಶಾಲೆಗೆ ಹೋಗುವ ದಾರಿಯಲ್ಲಿ ಎರಡೂ ಬದಿ ಆಳೆತ್ತರದ ಕಬ್ಬು, ನಡುವೆ ಒಂದೂ ದೀಪವಿಲ್ಲ. ಕಬ್ಬು ಎತ್ತರಕ್ಕೆ ಬೆಳೆದ ತಿಂಗಳುಗಳಲ್ಲಿ ಸಂಜೆಯ ವಿಶೇಷ ತರಗತಿಗೆ ಹುಡುಗರು ಉಳಿಯುತ್ತಾರೆ, ಹುಡುಗಿಯರು ನಾಲ್ಕೂವರೆಗೆ ಮನೆ ಸೇರುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹುಡುಗಿಯರಿಗೆ ಬಸ್ ಪ್ರಯಾಣ ಉಚಿತವಾಗಿದೆ. ಆದರೆ ಬಸ್ಸೇ ಬಾರದ ವಸತಿಗೆ ಉಚಿತ ಟಿಕೆಟಿನಿಂದ ಏನು ಪ್ರಯೋಜನ? ವಾಯವ್ಯ ಸಾರಿಗೆಯ ಘಟಕ ವ್ಯವಸ್ಥಾಪಕರಿಗೆ ಸಭೆಯ ಠರಾವಿನೊಂದಿಗೆ, ವಿದ್ಯಾರ್ಥಿನಿಯರ ಸಂಖ್ಯೆ ಹಾಗೂ ಶಾಲೆ ಬಿಡುವ ವೇಳೆಯನ್ನು ಬರೆದು ಕೊಟ್ಟ ಮನವಿಗೂ, ಬರಿಗೈಯಲ್ಲಿ ಹೋಗಿ ಕೇಳಿದ ಮಾತಿಗೂ ಬಹಳ ವ್ಯತ್ಯಾಸವಿದೆ. ಬೀದಿದೀಪದ ಅಂದಾಜು ಪಟ್ಟಿ ಮಾಡುವಾಗ ಗುಡಿ, ಸಮುದಾಯ ಭವನ, ಮುಖಂಡರ ಓಣಿ ಇವುಗಳ ನಂತರ ಶಾಲೆಯ ದಾರಿ ಬರುವುದು ರೂಢಿಯಾಗಿದೆ. ಈ ಕ್ರಮವನ್ನು ತಿರುಗಿಸಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ಮಕ್ಕಳ ಗ್ರಾಮಸಭೆಯಲ್ಲಿ ಇಂತಹ ವಿಷಯಗಳನ್ನು ಹುಡುಗಿಯರೇ ಹೇಳಬಲ್ಲರು. ಸಭೆಯನ್ನು ಭಾಷಣ, ಬಿಸ್ಕತ್ತು, ಛಾಯಾಚಿತ್ರಗಳಲ್ಲಿ ಮುಗಿಸಿದರೆ ಅವರು ಹೇಳುವುದಿಲ್ಲ. ಹೆಸರಿಲ್ಲದ ಚೀಟಿಯಲ್ಲಿ ಬರೆಸಿದರೆ ಶೌಚಾಲಯದ ಚಿಲಕ ಮುರಿದದ್ದರಿಂದ ಹಿಡಿದು ಅಕ್ಕನಿಗೆ ಗೊತ್ತುಮಾಡಿದ ಮದುವೆಯವರೆಗೆ ಎಲ್ಲವೂ ಹೊರಬರುತ್ತದೆ. ಅಂತಹ ಚೀಟಿ ಬಂದ ದಿನವೇ ಓದಬೇಕು. ಮಗು ಅಪಾಯದಲ್ಲಿದೆಯೆಂದು ಕಂಡರೆ 1098ಕ್ಕೆ ಕರೆ ಮಾಡಲು ಮುಂದಿನ ಸಭೆಯವರೆಗೆ ಕಾಯುವಂತಿಲ್ಲ. ಬರೆದವಳು ಯಾರೆಂದು ಹುಡುಕುವ ಕುತೂಹಲವನ್ನು ಸದಸ್ಯರು ಕಟ್ಟುನಿಟ್ಟಾಗಿ ತಡೆಯಬೇಕು.

ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಈ ಸಭಾಂಗಣದಲ್ಲಿರುವ ಸದಸ್ಯೆಯರಲ್ಲಿ ಕೆಲವರು ಏಳನೆಯ ತರಗತಿಗೆ ಶಾಲೆ ಬಿಟ್ಟವರು, ಹದಿನಾರಕ್ಕೆ ಮದುವೆಯಾದವರು ಇರಬಹುದು. ನಡಾವಳಿಯನ್ನು ಓದಲು ಮಗನನ್ನೋ ಗಂಡನನ್ನೋ ಕರೆಯಬೇಕಾದ ಕಷ್ಟ ಅವರಿಗೆ ಗೊತ್ತು. ಮೇಲಿನ ವಿಷಯದಲ್ಲಿ ಅವರ ಮಾತಿಗೆ ಯಾವ ತರಬೇತಿ ಪುಸ್ತಕಕ್ಕೂ ಇಲ್ಲದ ತೂಕವಿದೆ. ಘಟಪ್ರಭಾದ ಮಹಿಳೆಯರ ಸಂಘವು ತೋರಿಸಿಕೊಟ್ಟದ್ದು ಇದನ್ನೇ. ಈ ಪ್ರಸ್ತಾವವನ್ನು ಸಭೆಯಲ್ಲಿ ಅವರೇ ಮಂಡಿಸುವುದು ಯೋಗ್ಯ.

ಪ್ರಸ್ತಾವ ಚಿಕ್ಕದು. ವ್ಯಾಪ್ತಿಯ ಪ್ರತಿ ಹಿರಿಯ ಪ್ರಾಥಮಿಕ ಶಾಲೆಯಿಂದ ಕೊನೆಯ ತರಗತಿ ಮುಗಿಸಿದ ಹುಡುಗಿಯರ ಹೆಸರುಗಳನ್ನು ಮುಖ್ಯೋಪಾಧ್ಯಾಯರಿಂದ ಪಡೆಯುವುದು. ಅವರಲ್ಲಿ ಮುಂದಿನ ತರಗತಿಗೆ ಎಲ್ಲಿಯೂ ಸೇರದವರು ಯಾರೆಂದು ಪ್ರೌಢಶಾಲೆಗಳ ಪ್ರವೇಶ ಪುಸ್ತಕದೊಂದಿಗೆ ತಾಳೆ ನೋಡುವುದು. ಉಳಿದ ಹೆಸರುಗಳನ್ನು ವಾರ್ಡುವಾರು ಹಂಚಿಕೊಂಡು ಆಯಾ ಸದಸ್ಯರು ಮನೆಗೆ ಹೋಗಿ ಬರುವುದು. ಕಾರಣವನ್ನು 'ನಿರಾಸಕ್ತಿ' ಎಂದು ಬರೆಯದೆ, ಕೂಸು, ದಾರಿ, ಕಾಗದ, ಸಾಲ, ಮದುವೆ ಇವುಗಳಲ್ಲಿ ಯಾವುದೆಂದು ಬರೆಯುವುದು. ಬಹುತೇಕ ಪಂಚಾಯತಿಗಳಲ್ಲಿ ಈ ಪಟ್ಟಿ ಒಂದು ಪುಟವನ್ನು ದಾಟಲಾರದು. ಅದು ಜುಲೈ ತಿಂಗಳ ಸಾಮಾನ್ಯ ಸಭೆಯ ಮುಂದೆ ಬಂದರೆ, ಗ್ಯಾಂಗುಗಳು ಮುಂಗಡ ಹಿಡಿದು ಹೊರಡುವ ಮುನ್ನ ಮೂರು ತಿಂಗಳು ಕೈಯಲ್ಲಿರುತ್ತವೆ.